ಪರ್ದೇಸಿನಲ್ಲಿ ಎರಡನೆಯ ಮರ

ಇದು ನಡೆದ ಕಥೆ. ನಡೆದದ್ದೆಂದರೆ ನಿಜಕ್ಕೂ ಕಾಲ ಮೇಲೆ ನಡೆದದ್ದು: ತೇಲ್ ಹಿತ್ತಾದಿಂದ ಪರ್ದೇಸ್ ಯೋನಾದವರೆಗೆ, ಮಟಮಟ ಮಧ್ಯಾಹ್ನ, ಟ್ರ್ಯಾಕ್ಟರಿನ ಹಿಂದೆ. ನಂಬದವರು ಗಮ್ಲಿಯೇಲನ ಶಬ್ಬತ್ತಿನ, ಅಂದರೆ ಶನಿವಾರದ ಪ್ರಾರ್ಥನೆಯ, ಷರಾಯಿಯನ್ನು ನೋಡಿಕೊಂಡು ಬರಬಹುದು. ಎಡಗಾಲಿನ ಮೇಲಿನ ಕೆಸರಿನ ಕಲೆ ಇನ್ನೂ ಹೋಗಿಲ್ಲ.

ಮೊದಲು ಊರಿನ ಹೆಸರಿನ ಸಂಗತಿ. ಇಲ್ಲಿನ ಭಾಷೆಯಲ್ಲಿ ಪರ್ದೇಸ್ ಅಂದರೆ ಹಣ್ಣಿನ ತೋಪು. ಯಹೂದಿ ಶಾಸ್ತ್ರಗ್ರಂಥಗಳಲ್ಲಿ ಈ ಮಾತಿನ ಗತ್ತೇ ಬೇರೆ. ಅಲ್ಲಿ ಪರ್ದೇಸ್ ಎಂದರೆ ಗುಟ್ಟಿನ ಜ್ಞಾನದ ತೋಟ. ನಾಲ್ವರು ಪಂಡಿತರು ಅದರೊಳಗೆ ಹೊಕ್ಕರಂತೆ. ಒಬ್ಬ ಸತ್ತ, ಒಬ್ಬನಿಗೆ ತಲೆ ಕೆಟ್ಟಿತು, ಒಬ್ಬ ಗಿಡಗಳನ್ನೇ ಕಡಿದು ಹಾಕಿದ, ಒಬ್ಬನೇ ಒಬ್ಬ ನೆಟ್ಟಗೆ ಹೊರಗೆ ಬಂದ. ಪರ್ದೇಸ್ ಯೋನಾದ ಮಟ್ಟಿಗೆ ಈ ಮಾತು ಉಳಿದಿದ್ದದ್ದು ಹೆದ್ದಾರಿಯ ಪಕ್ಕದ ತಗಡಿನ ಹಲಗೆಯ ಮೇಲೆ ಮಾತ್ರ. ರಾಜಧಾನಿಯ ಯಾವುದೋ ಕಚೇರಿಯಲ್ಲಿ ಕುಳಿತ ಸಮಿತಿ, ಒಂದು ಸಸಿಯನ್ನೂ ನೆಡುವ ಮೊದಲೇ ಈ ಊರಿಗೆ ತೋಪು ಎಂದೂ ಪಕ್ಕದ ಊರಿಗೆ ತೇಲ್ ಹಿತ್ತಾ, ಅಂದರೆ ಗೋಧಿಯ ದಿಬ್ಬ, ಎಂದೂ ನಾಮಕರಣ ಮಾಡಿ ಚಹಾ ಕುಡಿದು ಎದ್ದುಹೋಗಿತ್ತು. ಗೋಧಿಯ ದಿಬ್ಬದಲ್ಲಿ ಒಂದು ಕಾಳು ಗೋಧಿ ಬೆಳೆಯಲಿಲ್ಲ, ಕಿತ್ತಳೆ ಬೆಳೆಯಿತು. ತೋಪಿನಲ್ಲಿ ಒಂದಷ್ಟು ಕಾಲ ಕಿತ್ತಳೆ ಇತ್ತು. ಆಮೇಲೆ ನೀರಿಗೆ ಬಂಗಾರದ ಬೆಲೆ ಬಂತು, ಮರಗಳನ್ನು ಕಿತ್ತು ಪ್ಲಾಸ್ಟಿಕ್ ಚಪ್ಪರ ಹಾಕಿ ಎಲ್ಲರೂ ಗುಲಾಬಿ ಬೆಳೆದರು. ಕೊಚ್ಚಿಯಲ್ಲಿದ್ದಾಗ ಬಿಳಿಚರ್ಮದ ಯಹೂದಿಗಳನ್ನು 'ಪರದೇಸಿ'ಗಳೆಂದು ಕರೆದು ದೂರದಿಂದ ನೋಡುತ್ತಿದ್ದ ಕಪ್ಪುಚರ್ಮದ ಯಹೂದಿಗಳಾದ ನಮ್ಮವರು, ಹಡಗು ಹತ್ತಿ ಯಹೂದಿಗಳ ಈ ನಾಡಿಗೆ ಬಂದು ತಾವೇ ಪರ್ದೇಸಿಗಳಾದದ್ದು ಹೀಗೆ. ಅದೂ ತೋಪಿಲ್ಲದ ತೋಪಿನವರು.

ತೋಪಿನ ಗುರುತಾಗಿ ಎರಡು ಮರ ಉಳಿದಿದ್ದವು. ಪ್ರಾರ್ಥನೆಯ ಪಳ್ಳಿಯ ಹಿಂದೆ ಅಕ್ಕಪಕ್ಕ ನಿಂತಿದ್ದ ಎರಡು ಮುದಿ ಕಿತ್ತಳೆ. ಕೊಚ್ಚಿಯಿಂದ ಬಂದಿಳಿದ ವಾರವೇ ಅವುಗಳನ್ನು ನೆಟ್ಟವನು ಗಮ್ಲಿಯೇಲನ ಅಪ್ಪ. ಎರಡೇ ಆದರೂ ಸಾಕಾಗಿತ್ತು. ವಸಂತದ ನಿಸಾನ್ ತಿಂಗಳಿನಲ್ಲಿ, ವರ್ಷಕ್ಕೆ ಒಂದೇ ಸಲ, ಹೂ ಬಿಟ್ಟ ಹಣ್ಣಿನ ಮರಗಳ ಎದುರು ನಿಂತು ಹೇಳುವ ಸ್ತುತಿಯೊಂದಿದೆ: ತನ್ನ ಲೋಕದಲ್ಲಿ ಏನೊಂದೂ ಕೊರತೆ ಮಾಡದೆ, ಮನುಷ್ಯರ ಸಂತೋಷಕ್ಕೆಂದು ಒಳ್ಳೆಯ ಮರಗಳನ್ನು ಉಂಟುಮಾಡಿದವನಿಗೆ ಸ್ತೋತ್ರ. ಅದಕ್ಕೆ ಕಡಿಮೆಯೆಂದರೆ ಎರಡು ಮರ ಬೇಕು. ಒಂದಕ್ಕೆ ನಡೆಯುವುದಿಲ್ಲ ಎನ್ನುತ್ತಾರೆ ನಮ್ಮ ಹಿರಿಯರು. ತಿಂಗಳು ಮುಗಿದರೆ ಮತ್ತೆ ಮುಂದಿನ ವರ್ಷವೇ.

ಈ ಸಲ ಇದ್ದದ್ದು ಒಂದೇ ಮರ.

ಇನ್ನೊಂದನ್ನು ಚಳಿಗಾಲದಲ್ಲಿ ಗಮ್ಲಿಯೇಲನೇ ಕೆಡವಿದ್ದ. ಬೇಕೆಂದು ಅಲ್ಲ. ಅವನು ಪಳ್ಳಿಯ ಪಾರುಪತ್ಯಗಾರ. ಹಬ್ಬಕ್ಕೆಂದು ಕುರ್ಚಿಗಳನ್ನು ತಂದಿಳಿಸಿ, ಟ್ರ್ಯಾಕ್ಟರ್ ತಿರುಗಿಸಿಕೊಳ್ಳುವಾಗ ಹಿಂದೆ ನೋಡಲಿಲ್ಲ. ಪಾರುಪತ್ಯಗಾರರು ಸಾಮಾನ್ಯವಾಗಿ ಹಿಂದೆ ನೋಡುವುದಿಲ್ಲ, ಜನ ದಾರಿ ಬಿಡುತ್ತಾರೆ. ಮರ ಬಿಡಲಿಲ್ಲ.

ಅವನ ತಾಯಿ ಸಿಪ್ಪೋರ ಈ ವಿಷಯವನ್ನು ಒಂದೇ ವಾಕ್ಯದಲ್ಲಿ ಇತ್ಯರ್ಥ ಮಾಡಿದ್ದಳು: "ನಿಮ್ಮಪ್ಪ ನೆಟ್ಟ, ನೀನು ರಿವರ್ಸ್ ತಗೊಂಡೆ." ಆಮೇಲೆ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಪಾಸ್ಖ ಹಬ್ಬ ಕಳೆಯಿತು, ಉಳಿದ ಮರ ಮೈತುಂಬ ಹೂ ಬಿಟ್ಟಿತು, ನಿಸಾನ್ ಮುಗಿಯುತ್ತ ಬಂತು. ಊರಿನವರೆಲ್ಲ ಒಂದು ಬಸ್ಸು ಮಾಡಿಕೊಂಡು ತೇಲ್ ಹಿತ್ತಾಕ್ಕೆ ಹೋಗಿ ಅಲ್ಲಿನ ತೋಟದ ಮುಂದೆ ಸ್ತುತಿ ಹೇಳುವುದೆಂದು ಮಾತಾಯಿತು. ಸಿಪ್ಪೋರ ಅಡುಗೆಮನೆಯ ಕುರ್ಚಿಯಿಂದ ಅಲುಗಲಿಲ್ಲ.

"ನಾನು ಬರೋಲ್ಲ."

"ಅಮ್ಮ, ಹತ್ತು ನಿಮಿಷದ ದಾರಿ. ಬಸ್ಸಿನಲ್ಲಿ ಮುಂದಿನ ಸೀಟು..."

"ಮರಕ್ಕೆ ಎಳೆತನ ಕಳೆದ ವರ್ಷದಿಂದ ನಾನು ನಿಮ್ಮಪ್ಪ ನೆಟ್ಟ ಮರದ ಕೆಳಗೆ ನಿಂತೇ ಹೇಳಿರೋದು. ಅವರು ತೀರಿಕೊಂಡ ವರ್ಷವೂ ಅಲ್ಲೇ ಹೇಳಿದೆ. ಪರ್ದೇಸಿನವಳು ಹೂ ನೋಡೋಕೆ ಗೋಧಿದಿಬ್ಬಕ್ಕೆ ಹೋಗೋದಾ? ನಗ್ತಾರೆ. ನೀವು ಹೋಗಿ. ನಾನು ಈ ವರ್ಷ ಹೇಳೋಲ್ಲ, ಅಷ್ಟೇ."

"ಮುಂದಿನ ವರ್ಷಕ್ಕೆ ನಾನು ಹೊಸ ಸಸಿ ನೆಡ್ತೀನಮ್ಮ."

"ನೆಡು. ಮೂರು ವರ್ಷ ಅದರ ಹಣ್ಣು ಮುಟ್ಟೋ ಹಾಗಿಲ್ಲ, ಅಂಥ ಎಳೆ ಗಿಡಕ್ಕೆ ಸ್ತುತಿ ಹೇಳಬಹುದೋ ಬಾರದೋ ಅಂತ ನಿಮ್ಮ ಪಂಡಿತರು ಆರು ವರ್ಷ ಜಗಳ ಆಡ್ತಾರೆ. ಅಷ್ಟು ಹೊತ್ತಿಗೆ ನಾನೇ ನಿಮ್ಮಪ್ಪನ ಹತ್ತಿರ ಹೋಗಿ ಹೇಳ್ತೀನಿ, ನಿಮ್ಮ ಮಗನಿಗೆ ಕನ್ನಡಿ ಇರೋ ಟ್ರ್ಯಾಕ್ಟರ್ ಕೊಡಿಸಬೇಕಾಗಿತ್ತು ಅಂತ."

ಗಮ್ಲಿಯೇಲನಿಗೆ ಆ ರಾತ್ರಿ ಊಟ ಸೇರಲಿಲ್ಲ. ತಾಯಿ ತನ್ನ ಬದುಕಿನಲ್ಲಿ ಒಂದು ವರ್ಷವೂ ತಪ್ಪಿಸದ ಸ್ತುತಿ ತನ್ನಿಂದ ತಪ್ಪುತ್ತದೆ. ತಿಂಗಳು ಮುಗಿಯುವುದರೊಳಗೆ ಊರಿನಲ್ಲಿ ಎರಡನೆಯದೊಂದು ಮರ ಹೂ ಬಿಡಬೇಕು. ಅವನು ಪಳ್ಳಿಯ ಹಿಂದಿನ ಬೇಲಿಯ ಉದ್ದಕ್ಕೂ ಓಡಾಡಿ ಸಿಕ್ಕ ಗಿಡಗಳ ಎಲೆ ಎತ್ತಿ ನೋಡಿದ. ಗುಲಾಬಿ. ಎಲ್ಲೆಲ್ಲೂ ಗುಲಾಬಿ. ಗುಲಾಬಿ ಮರವಲ್ಲ, ಹಣ್ಣಿನದಂತೂ ಅಲ್ಲ.

ಅವನ ಈ ಓಡಾಟವನ್ನು ನೋಡುತ್ತಿದ್ದವನು ಬೆಸಲೇಲ್. ಗಮ್ಲಿಯೇಲನ ತಂಗಿಯ ಮಗ, ಶಾಲೆಯ ಬಸ್ಸಿನ ಚಾಲಕ, ಊರಿನ ಗಂಟಲು. ಅವನ ಗಂಟಲಿನಲ್ಲಿ ಇಡೀ ಜಿಲ್ಲೆ ವಾಸವಾಗಿತ್ತು: ಶಾಲೆಯ ಮುಖ್ಯೋಪಾಧ್ಯಾಯಿನಿ, ಹವಾಮಾನ ಓದುವ ರೇಡಿಯೋ, ಕರು ಹಾಕುವ ಹಸು. ಎಲ್ಲಕ್ಕಿಂತ ಹೆಚ್ಚಾಗಿ ಜಿಲ್ಲೆಯ ಧರ್ಮಗುರು ರಬ್ಬಿ ಬೆನ್‌ಗಿಗಿ. ರಬ್ಬಿಗಳು ಮಾತಾಡುವ ಮುಂಚೆ ದೀರ್ಘವಾಗಿ ಗಂಟಲು ಕೆರೆಯುತ್ತಾರೆ, ಮೂಗಿನಲ್ಲಿ ಒಂದು ರಾಗ ಎಳೆಯುತ್ತಾರೆ, ಆಮೇಲೆ "ಹಬೀಬಿ", ಅಂದರೆ ನನ್ನ ಪ್ರೀತಿಯವನೇ, ಎನ್ನುತ್ತಾರೆ. ವೇಷ ಹಾಕಿ ನಕ್ಕು ನಗಿಸುವ ಹೋದ ಪೂರಿಮ್ ಹಬ್ಬದಲ್ಲಿ ಬೆಸಲೇಲ್ ಇದನ್ನು ವೇದಿಕೆಯ ಮೇಲೆ ಮಾಡಿ ತೋರಿಸಿದಾಗ ಜನ ಬಿದ್ದು ಬಿದ್ದು ನಕ್ಕಿದ್ದರು. ಗಮ್ಲಿಯೇಲ್ ಮಾತ್ರ ಎದ್ದುನಿಂತು, "ಕೆಳಗಿಳಿಯೋ ಕತ್ತೆ! ದೊಡ್ಡವರ ಗಂಟಲು ಎರವಲು ತರೋಕೆ ನಾಚಿಕೆ ಆಗೋಲ್ವಾ?" ಎಂದು ಎಲ್ಲರೆದುರು ಇಳಿಸಿದ್ದ.

ಬೆಸಲೇಲ್ ಅದನ್ನು ಮರೆತಿರಲಿಲ್ಲ. ಗಂಟಲಿಗೆ ನೆನಪಿನ ಶಕ್ತಿ ಜಾಸ್ತಿ.

ಮಾರನೆಯ ಬೆಳಿಗ್ಗೆ ಪಳ್ಳಿಯ ಕಚೇರಿಯ ಫೋನು ರಿಂಗಾಯಿತು. ಗಮ್ಲಿಯೇಲ್ ಎತ್ತಿದ. ಆ ಕಡೆಯಿಂದ ದೀರ್ಘವಾಗಿ ಗಂಟಲು ಕೆರೆದ ಸದ್ದು. ಗಮ್ಲಿಯೇಲ್ ಕುರ್ಚಿಯಿಂದ ಎದ್ದು ನಿಂತ.

"ಹಬೀಬಿ ಗಮ್ಲಿಯೇಲ್... ನಿಮ್ಮ ತಾಯಿಯವರ ಸಂಕಟ ಕಿವಿಗೆ ಬಿತ್ತು."

"ರಬ್ಬಿಗಳೇ! ತಮ್ಮವರೆಗೂ ಬಂತಾ?"

"ಒಳ್ಳೆಯ ತಾಯಿಯ ಕಣ್ಣೀರು ಎಲ್ಲಿಗೆ ಬರೋಲ್ಲ, ಹಬೀಬಿ? ಕೇಳು. ತೊಟ್ಟಿಯಲ್ಲಿ ಬೆಳೆದ ಮರವಾದರೂ ಮರವೇ. ನಿಮ್ಮ ನೆರೆಯ ಊರಿನ ಪಿನ್ಹಾಸನ ಜಗಲಿ ಮೇಲೆ ಹೂ ಬಿಟ್ಟಿರೋ ನಿಂಬೆ ಮರ ಇದೆಯಂತಲ್ಲ? ಅದನ್ನು ತಂದು ನಿಮ್ಮ ಮರದ ಪಕ್ಕ ಇಡು. ಎರಡಾಯ್ತು."

ಗಮ್ಲಿಯೇಲನ ಕಣ್ಣಲ್ಲಿ ನೀರು ಬಂತು. "ಅಷ್ಟೇನಾ ರಬ್ಬಿಗಳೇ?"

"ಅಷ್ಟೇ ಅಂದರೆ..." ಗಂಟಲು ಇನ್ನೊಮ್ಮೆ ಕೆರೆಯಿತು. ಈ ಸಲ ಸ್ವಲ್ಪ ಹೆಚ್ಚು ಹೊತ್ತು. ಯಾಕೆಂದರೆ ಬೆಸಲೇಲನಿಗೆ ಮುಂದಿನದು ಇನ್ನೂ ಹೊಳೆದಿರಲಿಲ್ಲ. "ಮರ ತರೋದು ಮಾನದಿಂದ ತರಬೇಕು. ಹೊಸ ತೋರಾ ಗ್ರಂಥದ ಸುರುಳಿ ಪಳ್ಳಿಗೆ ಬರೋವಾಗ ಹೇಗೆ ತರ್ತೀರಿ?"

"ಮದುವೆಯ ಮೇಲ್ಕಟ್ಟು ಹಿಡಿದು, ಹಾಡು ಹೇಳಿಕೊಂಡು."

"ಹಾಂ. ಹಾಗೆ. ಪಾರುಪತ್ಯಗಾರ ಶಬ್ಬತ್ತಿನ ಬಟ್ಟೆ ಹಾಕ್ಕೊಂಡು, ತೊಟ್ಟಿಯ ಮೇಲೆ ಒಂದು ಕೈ ಇಟ್ಟುಕೊಂಡು ನಡೆದೇ ಬರಬೇಕು. ಕೈ ತೆಗೀಬಾರದು."

ಬೇರೆ ಯಾರಾದರೂ ಆಗಿದ್ದರೆ, ಒಂದು ನಿಂಬೆಗಿಡಕ್ಕೆ ಇಷ್ಟೊಂದು ಉಪಚಾರವೇ ಎಂದು ಕೇಳುತ್ತಿದ್ದರು. ಗಮ್ಲಿಯೇಲ್ ಕೇಳಲಿಲ್ಲ. ಮೆರವಣಿಗೆ ಎಂದರೆ ಅವನಿಗೆ ಪ್ರಾಣ. ಉಪಚಾರ ಹೆಚ್ಚಿದಷ್ಟೂ ಶಾಸ್ತ್ರ ಗಟ್ಟಿ ಎಂದು ನಂಬಿದವನು.

ಕಷ್ಟವಿದ್ದದ್ದು ಪಿನ್ಹಾಸನಲ್ಲಿ. ಅವನು ತೇಲ್ ಹಿತ್ತಾದ ಪಾರುಪತ್ಯಗಾರ. ಈ ಇಬ್ಬರೂ ಕೊಚ್ಚಿಯಿಂದ ಒಂದೇ ಹಡಗಿನಲ್ಲಿ, ಒಂದೇ ಕಂಬಳಿಯಡಿ ಮಲಗಿ ಬಂದವರು. ಕಂಬಳಿ ಯಾರು ಎಳೆದುಕೊಂಡರು ಎಂಬ ಜಗಳ ಇನ್ನೂ ಮುಗಿದಿರಲಿಲ್ಲ. ಗಮ್ಲಿಯೇಲ್ ಅವನ ಜಗಲಿಯ ಮೆಟ್ಟಿಲ ಮೇಲೆ ನಿಂತು, ನುಂಗಲಾರದ್ದನ್ನು ನುಂಗುವವನ ಹಾಗೆ ಕೇಳಿದ:

"ಪಿನ್ಹಾಸ್, ಒಂದು ಮಧ್ಯಾಹ್ನದ ಮಟ್ಟಿಗೆ ನಿನ್ನ ನಿಂಬೆ ಮರ ಬೇಕಾಗಿತ್ತು."

ಪಿನ್ಹಾಸ್ ಕಿವಿಯ ಹಿಂದೆ ಕೈ ಇಟ್ಟ. "ಏನಂದೆ? ಎಲ್ಲಿಯವನು ಎಲ್ಲಿಗೆ ಬಂದು ಏನು ಕೇಳ್ತಿದ್ದಾನೆ? ಸ್ವಲ್ಪ ಜೋರಾಗಿ ಹೇಳಪ್ಪ, ನಮ್ಮವಳು ಒಳಗಿದ್ದಾಳೆ, ಅವಳಿಗೂ ಕೇಳಿಸಲಿ."

"ತೋಪಿನವನು," ಗಮ್ಲಿಯೇಲ್ ಹಲ್ಲು ಕಚ್ಚಿ ಹೇಳಿದ, "ಗೋಧಿದಿಬ್ಬಕ್ಕೆ ಬಂದು, ಮರ ಕೇಳ್ತಿದ್ದೀನಿ."

"ಆಹಾ! ಇದನ್ನು ಕೇಳೋಕೆ ಬದುಕಿದ್ದೆ ನೋಡು. ತಗೊಂಡು ಹೋಗು. ಆದರೆ ಟ್ರ್ಯಾಕ್ಟರ್ ನಾನು ನಡೆಸ್ತೀನಿ. ನಿನ್ನ ಕೈಗೆ ಟ್ರ್ಯಾಕ್ಟರ್ ಕೊಡೋಲ್ಲ, ಮರದ ಹತ್ತಿರ ಅಂತೂ ಕೊಡೋದೇ ಇಲ್ಲ."

"ಮರ ಎಳೇದಲ್ಲ ತಾನೆ?"

"ನನ್ನ ಮಗಳ ಮದುವೇಲಿ ನೆಟ್ಟಿದ್ದು. ಅವಳ ಮಗ ಈಗ ನನಗೇ ಎದುರು ಮಾತಾಡ್ತಾನೆ. ಸಾಕಾ?"

ಹೀಗೆ ಮೆರವಣಿಗೆ ಹೊರಟಿತು. ಮುಂದೆ ಟ್ರ್ಯಾಕ್ಟರಿನ ಮೇಲೆ ಪಿನ್ಹಾಸ್. ಹಿಂದಿನ ತಗ್ಗು ಬಂಡಿಯಲ್ಲಿ ದೊಡ್ಡ ಮಣ್ಣಿನ ತೊಟ್ಟಿ, ಅದರಲ್ಲಿ ಮದುಮಗಳಂತೆ ಬಿಳಿಹೂ ಮುಡಿದ ನಿಂಬೆ. ಬಂಡಿಯ ನಾಲ್ಕು ಮೂಲೆಗೆ ನಾಲ್ಕು ಗಂಡಸರು, ಕೈಯಲ್ಲಿ ಮೇಲ್ಕಟ್ಟಿನ ಕೋಲುಗಳು, ಮೇಲೆ ಕೆಂಪು ಮಖಮಲ್ಲಿನ ಬಟ್ಟೆ. ಪಕ್ಕದಲ್ಲಿ ಕಪ್ಪು ಕೋಟು, ಬಿಳಿ ಷರಾಯಿ ತೊಟ್ಟು ಗಮ್ಲಿಯೇಲ್. ಒಂದು ಕೈ ತೊಟ್ಟಿಯ ಮೇಲೆ, ಬಾಯಲ್ಲಿ ಕೊಚ್ಚಿಯಿಂದ ತಂದ ಹಳೆಯ ಹಾಡು. ಹೊರಡುವ ಮುಂಚೆ ಪಿನ್ಹಾಸನ ಹೆಂಡತಿ ಗಿಡ ಬಾಡಬಾರದೆಂದು ಎರಡು ಕೊಡ ನೀರು ಹುಯ್ದಿದ್ದಳು. ಆ ನೀರು ತೊಟ್ಟಿಯ ತಳದಿಂದ ಇಳಿದು, ಬಂಡಿಯ ಅಂಚಿನಿಂದ ನೇರವಾಗಿ ಅವನ ಎಡಗಾಲಿನ ಮೇಲೆ ಸುರಿಯುತ್ತಿತ್ತು. ಕೈ ತೆಗೆಯುವಂತಿಲ್ಲ, ಸರಿಯುವಂತಿಲ್ಲ. ಅವನು ಹಾಡುತ್ತ ಒದ್ದೆಯಾದ, ಒದ್ದೆಯಾಗುತ್ತ ಹಾಡಿದ.

ಹೆದ್ದಾರಿಯಲ್ಲಿ ಕಾರುಗಳು ನಿಂತವು. ಒಬ್ಬ ಕಿಟಕಿ ಇಳಿಸಿ ಕೂಗಿದ: "ಮದುವೆ ಯಾರದ್ದಣ್ಣಾ?"

ಪಿನ್ಹಾಸ್ ಟ್ರ್ಯಾಕ್ಟರಿನ ಮೇಲಿಂದಲೇ ಉತ್ತರ ಕೊಟ್ಟ: "ನಿಂಬೆಗೂ ಕಿತ್ತಳೆಗೂ! ಗಂಡಿನ ಕಡೆಯವರು ಬಡವರು, ಹೆಣ್ಣನ್ನು ನಾವೇ ಕರೆದುಕೊಂಡು ಹೋಗ್ತಿದ್ದೀವಿ!"

ಮುಂದಿನ ಎಡಮೂಲೆಯ ಕೋಲು ಹಿಡಿದಿದ್ದವನು ಬೆಸಲೇಲ್. ತಾನಾಗಿ ಮುಂದೆ ಬಂದು ಕೇಳಿ ಹಿಡಿದಿದ್ದ. ಅವನ ಭುಜಗಳು ದಾರಿಯುದ್ದಕ್ಕೂ ಅದುರುತ್ತಿದ್ದವು, ಕಣ್ಣಿಂದ ನೀರು ಇಳಿಯುತ್ತಿತ್ತು. ಗಮ್ಲಿಯೇಲನ ಮನಸ್ಸು ಕರಗಿತು. ಹುಡುಗುತನ ಮಾಡಿದರೂ ಒಳಗೆ ಭಕ್ತಿ ಇದೆ, ಪೂರಿಮ್ ದಿನ ನಾನೇ ಹೆಚ್ಚು ಬೈದೆನೇನೋ ಅಂದುಕೊಂಡ. ಹಾಡಿನ ನಡುವೆ ಬಾಗಿ, "ಅಳಬೇಡ ಮಗು, ದೇವರು ನೋಡ್ತಾ ಇದ್ದಾನೆ," ಎಂದ. ಬೆಸಲೇಲ್ ಕೋಲಿಗೆ ಹಣೆ ಹಚ್ಚಿ ಇನ್ನಷ್ಟು ಅದುರಿದ.

ಊರಿನ ಹೆಸರಿನ ತಗಡಿನ ಹಲಗೆ ಬಂತು. ಜನವೆಲ್ಲ ಅಲ್ಲಿ ಕಾದು ನಿಂತಿದ್ದರು. ಗಮ್ಲಿಯೇಲ್ ಕೊನೆಯ ಸಾಲನ್ನು ಗಟ್ಟಿಯಾಗಿ ಎತ್ತಿ ಹಾಡಿ ನಿಲ್ಲಿಸಿದ. ಆಗ ಮುಂದಿನ ಎಡಮೂಲೆಯಿಂದ ದೀರ್ಘವಾಗಿ ಗಂಟಲು ಕೆರೆದ ಸದ್ದು ಬಂತು.

"ಹಬೀಬಿ ಗಮ್ಲಿಯೇಲ್... ಇನ್ನು ಕೈ ತೆಗೀಬಹುದು."

ಮೊದಲು ನಕ್ಕವನು ಪಿನ್ಹಾಸ್. ಆಮೇಲೆ ಕೋಲು ಹಿಡಿದ ಮಿಕ್ಕ ಮೂವರು. ಆಮೇಲೆ ಇಡೀ ಪರ್ದೇಸ್ ಯೋನಾ. ಗಮ್ಲಿಯೇಲನ ಕೈ ಮಾತ್ರ ತೊಟ್ಟಿಯ ಮೇಲೇ ಉಳಿಯಿತು, ಅಲ್ಲಿಂದ ತೆಗೆಯಬೇಕೆಂದು ಅದಕ್ಕೆ ತೋಚಲಿಲ್ಲ. ಅವನಿಗೆ ತನ್ನ ಮಾನದ ಯೋಚನೆ ಆಮೇಲೆ ಬಂತು. ಮೊದಲು ಬಂದದ್ದು ಇನ್ನೊಂದು: ಅದು ರಬ್ಬಿಯ ಮಾತಲ್ಲ ಎಂದಮೇಲೆ ತೊಟ್ಟಿಯ ಮರ ಲೆಕ್ಕಕ್ಕಿಲ್ಲ. ಪಳ್ಳಿಯ ಹಿಂದೆ, ಆ ಒಂಟಿ ಕಿತ್ತಳೆಯ ಕೆಳಗೆ, ಅಮ್ಮ ಬಿಳಿ ತಲೆವಸ್ತ್ರ ಹೊದ್ದು ಆಗಲೇ ಬಂದು ಕುಳಿತಿದ್ದಾಳೆ. ಅವಳಿಗೆ ಏನು ಹೇಳುವುದು?

ಅವನು ಯಾರ ಮುಖವನ್ನೂ ನೋಡದೆ, ಒಂದು ಕಾಲು ಚಪಚಪ ಎನ್ನಿಸುತ್ತ, ಪಳ್ಳಿಯ ಕಚೇರಿಗೆ ಹೋಗಿ ಬಾಗಿಲು ಹಾಕಿಕೊಂಡ. ಬಂಡಿಯ ಜೊತೆ ಜನವೂ ನಗುತ್ತ ಬಂದು ಅಂಗಳದಲ್ಲಿ ಸೇರಿದರು. ಅಷ್ಟರಲ್ಲಿ ಫೋನು ರಿಂಗಾಯಿತು.

ದೀರ್ಘವಾಗಿ ಗಂಟಲು ಕೆರೆದ ಸದ್ದು. "ಹಬೀಬಿ ಗಮ್ಲಿಯೇಲ್..."

"ಲೋ ಕತ್ತೆ!" ಗಮ್ಲಿಯೇಲ್ ಸಿಡಿದ. "ಇನ್ನೂ ಸಾಲದೇನೋ ನಿನಗೆ?"

ಆ ಕಡೆಯ ದನಿ ಹೇಳಿತು: "ನಾನು ರಬ್ಬಿ ಬೆನ್‌ಗಿಗಿ."

"ನಾನು ದೊರೆ ಸೊಲೊಮೋನ! ನಿನ್ನ ಗಂಟಲಿಗೆ ಗೊಬ್ಬರ ತುಂಬ! ಆ ಮುದುಕ ಗಂಟಲು ಕೆರೆದರೆ ಕೆಟ್ಟುಹೋದ ಪಂಪಿನ ಹಾಗಿರುತ್ತೆ, ನಿನ್ನದು ಅದಕ್ಕಿಂತ ಕೆಟ್ಟದಾಗಿದೆ. ಅದೂ ಸರಿಯಾಗಿ ಬರೋಲ್ಲ ನಿನಗೆ!"

"ಕೆಟ್ಟ ಪಂಪು..." ಆ ಕಡೆಯ ದನಿ ಆ ಮಾತನ್ನು ಮೆಲ್ಲಗೆ ಚಪ್ಪರಿಸಿ ನೋಡಿತು.

"ಹೂಂ, ಪಂಪು! ಬಾ ಇಲ್ಲಿ, ಎದುರಿಗೆ ಬಂದು ಕೆರಿ, ನೋಡ್ತೀನಿ!" ಎಂದು ಗಮ್ಲಿಯೇಲ್ ಕಿಟಕಿಯತ್ತ ತಿರುಗಿದ. ಕಿಟಕಿಯ ಆಚೆ, ಕಿತ್ತಳೆಯ ನೆರಳಿನಲ್ಲಿ, ಬೆಸಲೇಲ್ ಕಾಣಿಸಿದ. ಹೆಂಗಸರು ಹಂಚುತ್ತಿದ್ದ ಮಾಂಸ ತುಂಬಿ ಕರಿದ ಪಸ್ತೇಲ್ ಕಡುಬನ್ನು ಇಡಿಯಾಗಿ ಬಾಯಿಗೆ ತುಂಬಿಕೊಂಡು ಎರಡೂ ಕೆನ್ನೆ ಉಬ್ಬಿಸಿ ಅಗಿಯುತ್ತಿದ್ದ. ಕೈಯಲ್ಲಿ ಫೋನಿಲ್ಲ. ಬಾಯಲ್ಲಿ ಜಾಗವಿಲ್ಲ.

ಗಮ್ಲಿಯೇಲ್ ಕೋಟಿನ ಗುಂಡಿ ಹಾಕಿಕೊಂಡು ನೆಟ್ಟಗೆ ನಿಂತ.

"ರಬ್ಬಿಗಳೇ," ಎಂದ, ಬಹಳ ಸಣ್ಣ ದನಿಯಲ್ಲಿ.

"ಇದ್ದೀನಿ, ದೊರೆಗಳೇ. ತೇಲ್ ಹಿತ್ತಾದ ಹೆಣ್ಣುಮಗಳೊಬ್ಬಳು ಫೋನು ಮಾಡಿದ್ದಳು. ನಿಂಬೆ ಮರಕ್ಕೆ ಮೇಲ್ಕಟ್ಟು ಹಿಡೀಬೇಕು ಅಂತ ನಾನು ಅಪ್ಪಣೆ ಕೊಡಿಸಿದೆನಂತೆ. ನನಗೂ ಗೊತ್ತಿಲ್ಲದೆ ನಾನು ಏನೇನು ಹೇಳಿದೆ ಅಂತ ತಿಳ್ಕೊಳ್ಳೋಣ ಅಂತ ಮಾಡಿದೆ."

ಗಮ್ಲಿಯೇಲ್ ಎಲ್ಲವನ್ನೂ ಹೇಳಿದ. ರಿವರ್ಸ್‌ನಿಂದ ಹಿಡಿದು ಷರಾಯಿಯವರೆಗೆ, ಏನನ್ನೂ ಮುಚ್ಚಲಿಲ್ಲ. ಕೊನೆಗೆ, "ನನಗೆ ಏನು ಶಿಕ್ಷೆ ಬೇಕಾದರೂ ಕೊಡಿ. ಅಮ್ಮ ಮರದ ಕೆಳಗೆ ಕೂತಿದ್ದಾಳೆ. ಅವಳಿಗೆ ಒಂದು ದಾರಿ ಹೇಳಿ," ಎಂದ.

ರಬ್ಬಿಗಳು ಗಂಟಲು ಕೆರೆದರು. "ತೊಟ್ಟಿಯ ತಳದಲ್ಲಿ ತೂತು ಇದೆಯಾ?"

"ತೂತಾ?"

"ತೂತಿಲ್ಲದ ತೊಟ್ಟಿಯ ಗಿಡ ಪಾತ್ರೆಯೊಳಗಿನ ಸಾಮಾನು, ಹಬೀಬಿ. ತೂತಿದ್ದರೆ ಅದು ಕೆಳಗಿನ ನೆಲದಿಂದ ಉಸಿರು ಎಳೆಯುತ್ತೆ. ಶಾಸ್ತ್ರದ ಲೆಕ್ಕದಲ್ಲಿ ನೆಲಕ್ಕೆ ನೆಟ್ಟ ಮರವೇ. ಖಚಿತವಾಗಿ ತೂತು ಇದೆಯಾ?"

ಗಮ್ಲಿಯೇಲ್ ತನ್ನ ಎಡಗಾಲನ್ನು ನೋಡಿಕೊಂಡ. ಷರಾಯಿಯಿಂದ ಕಚೇರಿಯ ನೆಲಕ್ಕೆ ಇನ್ನೂ ಹನಿ ಬೀಳುತ್ತಿತ್ತು.

"ರಬ್ಬಿಗಳೇ, ಇದೆ. ತೇಲ್ ಹಿತ್ತಾದಿಂದ ಇಲ್ಲೀವರೆಗೂ ಆ ತೂತು ನನ್ನ ಕಾಲ ಮೇಲೇ ಇತ್ತು."

"ಹಾಗಾದರೆ ಬಂಡಿಯಿಂದ ನೆಲಕ್ಕೆ ಇಳಿಸಿ, ಅಡಿಯಲ್ಲಿ ಹಲಗೆ ಗಿಲಗೆ ಇಡಬೇಡಿ. ಎರಡು ಮರ ಆಯ್ತು. ನಿಮ್ಮ ತಾಯಿ ಹೇಳಲಿ, ಊರೆಲ್ಲ ಹೇಳಲಿ. ಮೇಲ್ಕಟ್ಟು ಬೇಡ, ಅದೇನು ಮದುಮಗಳಲ್ಲ."

ಗಮ್ಲಿಯೇಲ್ ಕಿಟಕಿ ತೆರೆದು ಕೂಗಿದ: "ರಬ್ಬಿಗಳು ಫೋನಿನಲ್ಲಿದ್ದಾರೆ! ತೊಟ್ಟಿ ಮರ ನಡೆಯುತ್ತಂತೆ! ಇಳಿಸಿ ಕೆಳಗೆ!"

ಯಾರೂ ಅಲುಗಲಿಲ್ಲ. ಬೆಸಲೇಲ್ ಪಸ್ತೇಲ್ ನುಂಗಿಕೊಂಡು, ಕರುಣೆಯಿಂದ ತಲೆಯಾಡಿಸಿದ. "ಮಾವ, ಬಿಟ್ಟುಬಿಡು. ಇದೆಲ್ಲ ನಿನಗೆ ಬರೋಲ್ಲ. ಇದಕ್ಕೆ ಗಂಟಲು ಬೇಕು."

ಗಮ್ಲಿಯೇಲ್ ಫೋನನ್ನು ಎತ್ತಿ ಕಿಟಕಿಯ ಹಲಗೆಯ ಮೇಲಿಟ್ಟು, ದನಿ ಜೋರಾಗಿ ಕೇಳಿಸುವ ಗುಂಡಿ ಒತ್ತಿದ. ದೀರ್ಘವಾಗಿ ಗಂಟಲು ಕೆರೆದ ಸದ್ದು ಅಂಗಳದ ಮೇಲೆಲ್ಲ ಹರಡಿತು. ತನ್ನ ಸ್ವಂತ ದನಿ ತಾನಿಲ್ಲದ ಕಡೆಯಿಂದ ಬಂದದ್ದನ್ನು ಕೇಳಿ ಬೆಸಲೇಲನಿಗೆ ಪಸ್ತೇಲಿನ ಕೊನೆಯ ಚೂರು ಅಡ್ಡ ಸಿಕ್ಕಿಕೊಂಡಿತು.

"ಅಲ್ಲಿ ಬಸ್ಸು ನಡೆಸೋ ಬೆಸಲೇಲ್ ಇದ್ದಾನಾ, ಹಬೀಬಿ?"

"ಇ... ಇದ್ದೀನಿ."

"ನಿನಗೆ ಸೇರಬೇಕಾದ ಒಂದಷ್ಟು ಬಿರುದುಗಳನ್ನು ಗಮ್ಲಿಯೇಲ್ ಈಗ ತಾನೆ ನನಗೆ ಕೊಟ್ಟ. ಕತ್ತೆ, ಕೆಟ್ಟ ಪಂಪು, ಇತ್ಯಾದಿ. ಬೇರೆಯವರ ಸೊತ್ತು ಇಟ್ಟುಕೊಳ್ಳಬಾರದು, ಎಲ್ಲ ನಿನಗೇ ಕಳಿಸಿಕೊಡ್ತಿದ್ದೀನಿ. ಇನ್ನೊಂದು ಮಾತು. ತೊಟ್ಟಿಯ ವಿಷಯದಲ್ಲಿ ನೀನು ಕೊಟ್ಟ ತೀರ್ಪು ಸರಿಯಾಗಿದೆ. ಹೇಗೆ ಸರಿಯಾಯ್ತು ಅಂತ ಕಲಿಯೋಕೆ ಇನ್ನು ಪ್ರತಿ ಬುಧವಾರ ನನ್ನ ಪಾಠಕ್ಕೆ ಬಾ. ಮುಂದಿನ ಬೆಂಚು."

ಅಂಗಳ ನಕ್ಕು ನಕ್ಕು ಬಾಗಿತು. ಗಮ್ಲಿಯೇಲ್ ಇನ್ನೂ ನಗಲಿಲ್ಲ. ಅವನು ಹೊರಗೆ ಬಂದು, ನಾಲ್ವರನ್ನು ಕರೆದು ತೊಟ್ಟಿಯನ್ನು ಕಿತ್ತಳೆಯ ಪಕ್ಕ ನೆಲಕ್ಕಿಳಿಸಿದ. ತಾಯಿಯ ಕೈ ಹಿಡಿದು ಎಬ್ಬಿಸಿದ.

ಸಿಪ್ಪೋರ ಮೊದಲು ಕಿತ್ತಳೆಯ ಒಂದು ಕೊಂಬೆಯನ್ನು ಬಗ್ಗಿಸಿ ಮೂಸಿದಳು, ಆಮೇಲೆ ನಿಂಬೆಯದನ್ನು. ಕಣ್ಣು ಮುಚ್ಚಿದಳು. ಏನೊಂದೂ ಕೊರತೆ ಮಾಡದವನಿಗೆ ಎಂಬಲ್ಲಿ ಅವಳ ದನಿ ಒಂದು ಕ್ಷಣ ನಿಂತು, ಮತ್ತೆ ಮುಂದೆ ಹೋಯಿತು. ಊರೆಲ್ಲ ಆಮೆನ್ ಎಂದಿತು. ಪಿನ್ಹಾಸ್ ಎಲ್ಲರಿಗಿಂತ ಗಟ್ಟಿಯಾಗಿ ಎಂದ, ಮರ ತನ್ನದಲ್ಲವೇ.

ಅವಳು ಕಣ್ಣು ತೆರೆದು ಮಗನ ಷರಾಯಿಯನ್ನು ನೋಡಿದಳು. "ಇಡೀ ದಾರಿ ಹೀಗೇ ಬಂದ್ಯಾ?"

"ಹೂಂ."

"ಹಾಡ್ಕೊಂಡು?"

"ಹೂಂ ಅಮ್ಮ."

"ನಿಮ್ಮಪ್ಪನೂ ಹೀಗೇ. ಯಾರು ಏನು ಹೇಳಿದರೂ ನಂಬೋರು." ಅವಳು ಅವನ ಕೋಟಿನ ಮೇಲಿದ್ದ ಒಂದು ನಿಂಬೆ ಹೂವನ್ನು ತೆಗೆದು ಅವನ ಜೇಬಿಗೇ ಹಾಕಿದಳು. ಚಳಿಗಾಲದಿಂದ ಅವಳಾಗಿ ಅವನ ಮೈ ಮುಟ್ಟಿದ್ದು ಅದೇ ಮೊದಲು.

ಸಂಜೆಯಾಗುತ್ತ ಬಂತು. ತೊಟ್ಟಿಯನ್ನು ಮತ್ತೆ ಬಂಡಿಗೆ ಏರಿಸಿದರು. ಪಿನ್ಹಾಸ್ ಟ್ರ್ಯಾಕ್ಟರ್ ಹತ್ತಿ, ಸುತ್ತ ನೆರೆದವರನ್ನು ರಾಜನಂತೆ ಒಮ್ಮೆ ನೋಡಿ, "ನೋಡ್ಕೊಳ್ಳಿ, ಟ್ರ್ಯಾಕ್ಟರ್ ತಿರುಗಿಸೋದು ಅಂದರೆ ಹೀಗೆ," ಎಂದು ಗೇರು ಹಾಕಿದ. ಟ್ರ್ಯಾಕ್ಟರ್ ಹಿಂದಕ್ಕೆ ನೆಗೆಯಿತು.

"ಅಯ್ಯೋ! ಮರ! ಮರ!" ಊರಿಗೆ ಊರೇ ಕಿರುಚಿತು. ಬೆಸಲೇಲ್ ಎಲ್ಲರ ದನಿಯನ್ನೂ ಬಿಟ್ಟು ತನ್ನದೇ ದನಿಯಲ್ಲಿ ಕಿರುಚಿದ. ಬಂಡಿಯ ಹಿಂಬದಿ ಮುದಿ ಕಿತ್ತಳೆಯ ಕಾಂಡಕ್ಕೆ ಒಂದು ಗೇಣು ಬಿಟ್ಟು ಗಕ್ಕನೆ ನಿಂತಿತು. ನಾಲ್ಕು ಹೂವು ಪಿನ್ಹಾಸನ ಟೋಪಿಯ ಮೇಲೆ ಉದುರಿದವು.

ಸಿಪ್ಪೋರ ಕೋಲೂರಿಕೊಂಡು ನಿಧಾನವಾಗಿ ಬಂಡಿಯ ಹತ್ತಿರ ಬಂದಳು.

"ಇಳಿಯೋ ಪಿನ್ಹಾಸ್. ನೀನು ನನ್ನ ಮಗನ ಹಾಗೇ ನಡೆಸ್ತೀಯ. ನಾಳೆ ಬಂದು ತಗೊಂಡು ಹೋಗು, ನಡೆದುಕೊಂಡು. ಎಡಗಡೆ ನಿಂತ್ಕೋ, ಅಲ್ಲೇ ತೂತಿರೋದು."

ಆಗ ಒಂದು ನಗು ಎದ್ದಿತು. ಮೊದಲು ಒದ್ದೆ ಪಂಪು ಕೆಮ್ಮಿದ ಹಾಗೆ ಶುರುವಾಗಿ, ಆಮೇಲೆ ತಡೆಯಿಲ್ಲದೆ ಚಿಮ್ಮಿತು. ಬೆಸಲೇಲ್ ಅದನ್ನು ಆಮೇಲೆ ಎಷ್ಟೋ ಸಲ ಅನುಕರಿಸಲು ನೋಡಿದ, ಒಂದು ಸಲವೂ ಹಿಡಿಯಲಾಗಲಿಲ್ಲ. ಗಮ್ಲಿಯೇಲ್ ಕಿತ್ತಳೆಯ ಕಾಂಡವನ್ನು ತಬ್ಬಿಕೊಂಡು, ಕೆಸರಿನ ಕಾಲನ್ನು ನೆಲಕ್ಕೆ ಬಡಿಯುತ್ತ, ಟೋಪಿ ಬಿದ್ದುಹೋದದ್ದೂ ತಿಳಿಯದೆ, ಇಡೀ ಊರಿಗಿಂತ ಗಟ್ಟಿಯಾಗಿ ನಗುತ್ತಿದ್ದ.